ಕಿಟ್ಟಣ್ಣನ ಎರಡು ಬೆರಳು

ಕಾಪುವಿನಲ್ಲಿ ಏಳುವ ಭಾರ ಬೇರೆ ಊರಿನಲ್ಲಿ ಏಕೆ ಏಳುವುದಿಲ್ಲ? ಎರಡು ವರ್ಷದಿಂದ ಹರ್ಷಿಣಿಯ ತಲೆ ತಿನ್ನುತ್ತಿದ್ದ ಪ್ರಶ್ನೆ ಇದು. ಕಬ್ಬಿಣ ಎಲ್ಲಿಗೆ ಹೋದರೂ ಕಬ್ಬಿಣವೇ, ಇಪ್ಪತ್ತು ಕಿಲೋದ ರಾಡು ಊರು ಬದಲಾಯಿತೆಂದು ಇಪ್ಪತ್ತೈದು ಆಗುವುದಿಲ್ಲ. ಆದರೂ ಕಾಪುವಿನ ಭಜನಾ ಮಂದಿರದ ಹಿಂದಿನ ವ್ಯಾಯಾಮ ಶಾಲೆಯಲ್ಲಿ ಎಂಬತ್ತೆರಡೂವರೆ ಕಿಲೋ ತಳ್ಳುವ ಹುಡುಗಿ, ಸ್ಪರ್ಧೆಯ ವೇದಿಕೆ ಹತ್ತಿದ ಕೂಡಲೇ ಎಪ್ಪತ್ತೇಳೂವರೆಗೇ ಸೋತು ಸುಣ್ಣವಾಗುತ್ತಿದ್ದಳು. ಮೊದಲ ವರ್ಷ ಹೀಗಾದಾಗ ಜನ ಪಾಪ ಎಂದರು. ಎರಡನೇ ವರ್ಷವೂ ಹಾಗೇ ಆದಾಗ ಏನೂ ಅನ್ನಲಿಲ್ಲ, ಅದು ಇನ್ನೂ ಕಷ್ಟ.

ಬೆಂಚ್ ಪ್ರೆಸ್ ನೋಡುವವರಿಗೆ ಬಹಳ ಸಲೀಸಾದ ಆಟ. ಬೆಂಚಿನ ಮೇಲೆ ಅಂಗಾತ ಮಲಗಬೇಕು, ರಾಡನ್ನು ಎದೆಗೆ ಇಳಿಸಿ ಅಲ್ಲಾಡದೆ ನಿಲ್ಲಿಸಬೇಕು, ರೆಫ್ರಿ 'ಪ್ರೆಸ್' ಎಂದ ಮೇಲೆ ತೋಳು ನೆಟ್ಟಗಾಗುವ ತನಕ ತಳ್ಳಬೇಕು, 'ರ‍್ಯಾಕ್' ಎಂದ ಮೇಲೆ ಮರಳಿ ಇಡಬೇಕು. ಮೂರು ಅವಕಾಶ, ಮೂವರು ರೆಫ್ರಿಗಳು, ಮೂರು ದೀಪ. ಎರಡು ಬಿಳಿ ಬಿದ್ದರೆ ಎತ್ತಿದ ಹಾಗೆ. "ಮಲಗಿಕೊಂಡು ಮಾಡುವ ಆಟಕ್ಕೆ ಇಷ್ಟು ಬೆವರು ಎಂತಕ್ಕೆ ಬರುವುದು?" ಎಂದು ಅವಳ ಅಮ್ಮ ಸರಸ ತಮಾಷೆ ಮಾಡುವುದಿತ್ತು. ಸರಸ ಮಲ್ಪೆಯಿಂದ ಮೀನು ಹಿಡಿದುಕೊಂಡು ಟೆಂಪೋದಲ್ಲಿ ಕಾರ್ಕಳದ ಕಡೆ ಹೋಗಿ, ಕುಕ್ಕುಂದೂರಿನಲ್ಲಿ ಮನೆಮನೆಗೆ ಮಾರುವವಳು. ಅವಳ ಲೆಕ್ಕದಲ್ಲಿ ಭಾರ ಎಂದರೆ ತಲೆಯ ಮೇಲೆ ಇರಬೇಕಾದದ್ದು, ಎದೆಯ ಮೇಲಲ್ಲ.

ಹರ್ಷಿಣಿ ಏಕೆ ಸೋಲುತ್ತಾಳೆ ಎಂಬುದಕ್ಕೆ ಊರಿನಲ್ಲಿ ಕಾರಣಗಳಿಗೇನೂ ಬರ ಇರಲಿಲ್ಲ. ಸರಸನ ಪ್ರಕಾರ ಅದು ದೃಷ್ಟಿ, ಸ್ಪರ್ಧೆಗೆ ಹೊರಡುವ ದಿನ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ನೆರೆಮನೆಯವರ ಪ್ರಕಾರ ಬಾಳೆಹಣ್ಣು ಕಡಿಮೆ ತಿಂದದ್ದು. ವ್ಯಾಯಾಮ ಶಾಲೆಯ ಕಿಟ್ಟಣ್ಣನ ಪ್ರಕಾರ ಹೆದರಿಕೆ. "ಕೈಯಲ್ಲಿ ಶಕ್ತಿ ಉಂಟು ಮಗಾ. ಸಮಸ್ಯೆ ತಲೆಯಲ್ಲಿ," ಎಂದು ಅವರು ತಮ್ಮ ಬೋಳು ತಲೆಯನ್ನೇ ತಟ್ಟಿ ತೋರಿಸುತ್ತಿದ್ದರು. ಅವಳು ಅದನ್ನು ನಂಬಿ ಧ್ಯಾನಕ್ಕೆ ಕೂತಳು. ಹತ್ತು ನಿಮಿಷ ಕೂರಬೇಕಂತೆ. ನಾಲ್ಕನೇ ನಿಮಿಷಕ್ಕೆ ಎದ್ದು ದಂಡ ಹೊಡೆಯಲು ಶುರು ಮಾಡಿದಳು.

ಸುಮ್ಮನೆ ಕೂರುವುದು ಅವಳ ಜಾತಕದಲ್ಲೇ ಬರೆದಿರಲಿಲ್ಲ. ಮಣಿಪಾಲದ ಒಂದು ಸ್ಕ್ಯಾನಿಂಗ್ ಸೆಂಟರಿನ ಕೌಂಟರಿನಲ್ಲಿ ಅವಳಿಗೆ ಕೆಲಸ. ರೋಗಿಗಳ ಹೆಸರು, ವಯಸ್ಸು ಬರೆಯುವಾಗ ಮೇಜಿನ ಕೆಳಗೆ ಕಾಲು ಕುಣಿಯುತ್ತಲೇ ಇರುತ್ತಿತ್ತು. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ನಿಂತು, ಮೇಲಿನ ಕಂಬಿಯನ್ನು ಹಿಡಿದು ಎಳೆಯುತ್ತ ಬರುತ್ತಿದ್ದಳು. ಉದ್ಯಾವರ ದಾಟುವಷ್ಟರಲ್ಲಿ ಕಂಡಕ್ಟರು, "ಅಕ್ಕ, ಕಂಬಿ ಕಿತ್ತು ಮನೆಗೆ ಕೊಂಡುಹೋಗಬೇಡಿ," ಎನ್ನುವುದು ರೂಢಿಯಾಗಿತ್ತು. ಆ ವರ್ಷ ಚಡಪಡಿಕೆ ಇನ್ನೂ ಜಾಸ್ತಿಯಾಗಿತ್ತು, ಯಾಕೆಂದರೆ ಜೂನಿಯರ್ ವಿಭಾಗದಲ್ಲಿ ಅವಳಿಗೆ ಅದೇ ಕೊನೆಯ ವರ್ಷ. ನವೆಂಬರಿನಲ್ಲಿ ಕಾರ್ಕಳದಲ್ಲಿ ರಾಜ್ಯಮಟ್ಟದ ಸ್ಪರ್ಧೆ. ಅರುವತ್ತಮೂರು ಕಿಲೋ ದೇಹತೂಕದ ವಿಭಾಗದಲ್ಲಿ ಮೊದಲು ಬಂದವಳೊಬ್ಬಳೇ ರಾಷ್ಟ್ರಮಟ್ಟಕ್ಕೆ ಹೋಗುವುದು. ಅದು ತಪ್ಪಿದರೆ ಮುಂದಿನ ವರ್ಷದಿಂದ ಸೀನಿಯರ್. ಅಲ್ಲಿ ನೂರು ಕಿಲೋ ತಳ್ಳಿ, ಎದ್ದು, ಏನೂ ಆಗದವರಂತೆ ಚಹಾ ಕುಡಿಯುವ ಹೆಂಗಸರಿದ್ದಾರೆ. ಅವರ ನಡುವೆ ತನ್ನನ್ನು ಯಾರು ಕೇಳುತ್ತಾರೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಕಿಟ್ಟಣ್ಣನ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ವಯಸ್ಸು ಐವತ್ತೆಂಟು. ಮಲ್ಪೆ ಬಂದರಿನಲ್ಲಿ ಮೂವತ್ತು ವರ್ಷ ಮೀನು ಹೊತ್ತವರು, ಹಿಂದೊಮ್ಮೆ ಭಾರ ಎತ್ತುವುದರಲ್ಲಿ ಜಿಲ್ಲೆಗೇ ಮೊದಲು ಬಂದವರು. ಸಂಜೆ ವ್ಯಾಯಾಮ ಶಾಲೆಯ ಬಾಗಿಲು ತೆಗೆಯುವುದೂ ಅವರೇ, ಗುಡಿಸುವುದೂ ಅವರೇ, ಹುಡುಗರಿಗೆ ಬೈಯುವುದೂ ಅವರೇ. ಯಾರಿಂದಲೂ ಒಂದು ಪೈಸೆ ತೆಗೆದುಕೊಂಡವರಲ್ಲ. ಹರ್ಷಿಣಿ ಬೆಂಚಿನ ಮೇಲೆ ಮಲಗಿದರೆ ತಲೆಯ ಹಿಂದೆ ಅವರು ನಿಲ್ಲಲೇಬೇಕು. ಹೀಗೆ ಹಿಂದೆ ನಿಂತು ಕಾಯುವವರಿಗೆ ಸ್ಪಾಟರ್ ಎನ್ನುತ್ತಾರೆ. ಭಾರ ಎದೆಯ ಮೇಲೆ ಬೀಳದಂತೆ ನೋಡಿಕೊಳ್ಳುವುದು ಅವರ ಕೆಲಸ. ರಾಡು ಅರ್ಧದಲ್ಲಿ ನಿಂತಿತೋ, ಕಿಟ್ಟಣ್ಣ ಬಾಗಿ, "ಬಂತು, ಬಂತು, ಬಂತು!" ಎಂದು ಇಡೀ ಬೀದಿಗೆ ಕೇಳುವಂತೆ ಕೂಗುತ್ತಿದ್ದರು. ಬಂದೂ ಬಿಡುತ್ತಿತ್ತು.

ವಿಭಾ ಸಿಕ್ಕಿದ್ದು ಮಣಿಪಾಲದಲ್ಲಿ. ಅವಳು ಉಡುಪಿಯ ವೈದಿಕರ ಮನೆಯ ಹುಡುಗಿ, ಓದಿದ್ದು ಫಿಸಿಯೋಥೆರಪಿ, ಕೆಲಸ ಒಂದು ಜಿಮ್ಮಿನಲ್ಲಿ. ಮೊಟ್ಟೆಯನ್ನೂ ಮುಟ್ಟದೆ ನೂರು ಕಿಲೋ ನೆಲದಿಂದ ಎತ್ತುತ್ತಾಳೆಂದು ಅಲ್ಲಿಗೆ ಬರುವ ಗಂಡಸರಿಗೆ ಅವಳ ಮೇಲೆ ಸಣ್ಣ ಅಸೂಯೆ. ಜಿಮ್ಮು ಹರ್ಷಿಣಿಯ ಸ್ಕ್ಯಾನಿಂಗ್ ಸೆಂಟರಿನ ಕೆಳಗಿನ ಮಹಡಿಯಲ್ಲೇ ಇತ್ತು. ಆಗಸ್ಟಿನ ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಹರ್ಷಿಣಿ ಅಲ್ಲಿಗೆ ಇಳಿದು ರಾಡಿಗೆ ಎಂಬತ್ತು ಕಿಲೋ ಹಾಕಿ, "ಸ್ವಲ್ಪ ಹಿಂದೆ ನಿಲ್ಲುತ್ತೀರಾ?" ಎಂದು ವಿಭಾಳನ್ನು ಕೇಳಿದಳು.

ವಿಭಾ ನಿಂತಳು. ರಾಡು ಎದೆಗೆ ಇಳಿಯಿತು, ಒಂದು ಗೇಣು ಮೇಲೆ ಬಂತು, ನಿಂತಿತು. ಹರ್ಷಿಣಿ ಕಾದಳು. ಈಗ ಬರುತ್ತದೆ, ಈಗ ಬರುತ್ತದೆ. ಬರಲಿಲ್ಲ. ರಾಡು ಮೆಲ್ಲನೆ ಎದೆಯ ಕಡೆಗೇ ಹೊರಟಿತು. "ಹಿಡೀರಿ!" ಎಂದು ಅವಳು ಕಿರುಚಿದ ಮೇಲೆಯೇ ವಿಭಾಳ ಕೈ ಬಂದದ್ದು.

"ಯಾಕೆ ಮೊದಲೇ ಹಿಡಿಯಲಿಲ್ಲ?" ಹರ್ಷಿಣಿಗೆ ರೇಗಿತು.

"ನೀವು ಹೇಳಲಿಲ್ಲವಲ್ಲ."

"ಕಾಪುವಿನಲ್ಲಿ ನಾನು ಇದಕ್ಕಿಂತ ಜಾಸ್ತಿ ಎತ್ತಿದ್ದೇನೆ. ಬೇಕಾದರೆ ಕೇಳಿ ನೋಡಿ."

"ಹೌದಾ? ಹಿಂದೆ ಯಾರು ನಿಲ್ಲುವುದು?"

"ಕಿಟ್ಟಣ್ಣ."

"ಅವರ ಕೈ ಎಲ್ಲಿರುತ್ತದೆ?" ಎಂದು ಕೇಳಿ ವಿಭಾ ರಾಡಿನ ಭಾರದ ತಟ್ಟೆಗಳನ್ನು ಬಿಚ್ಚತೊಡಗಿದಳು. ಕುಹಕವೇನೂ ಇರಲಿಲ್ಲ, ಸುಮ್ಮನೆ ಕೇಳಿದ್ದು. ಆದರೆ ಆ ಪ್ರಶ್ನೆ ಹರ್ಷಿಣಿಯನ್ನು ಬಿಡಲಿಲ್ಲ. ಮಲಗಿ ಮೇಲೆ ತಳ್ಳುವವಳ ಕಣ್ಣು ಸೂರಿನ ಮೇಲಿರುತ್ತದೆ. ಹಿಂದಿನವರ ಕೈ ಎಲ್ಲಿರುತ್ತದೆಂದು ಮೂರು ವರ್ಷದಲ್ಲಿ ಅವಳು ಒಮ್ಮೆಯೂ ನೋಡಿರಲಿಲ್ಲ.

ಮರುದಿನ ಸಂಜೆ ಕಾಪುವಿನಲ್ಲಿ ಅವಳು ಫೋನನ್ನು ನೀರಿನ ಬಾಟಲಿಗೆ ಒರಗಿಸಿಟ್ಟು, ರೆಕಾರ್ಡ್ ಒತ್ತಿ ಮಲಗಿದಳು. ಎಂಬತ್ತು ಕಿಲೋ. "ಬಂತು, ಬಂತು, ಬಂತು!" ಬಂತು. ಮನೆಗೆ ಹೋಗುವ ದಾರಿಯಲ್ಲಿ, ಲೈಟ್‌ಹೌಸಿನ ಕಡೆ ತಿರುಗುವಲ್ಲಿ ನಿಂತು, ವೇಗ ಕಡಿಮೆ ಮಾಡಿ ನೋಡಿದಳು. ಕಿಟ್ಟಣ್ಣ ಬಾಗುತ್ತಾರೆ. ಬಲಗೈಯ ಎರಡು ಬೆರಳು ರಾಡಿನ ಕೆಳಗೆ ಹೋಗುತ್ತವೆ, ಮಗುವಿನ ಗಲ್ಲ ಎತ್ತುವ ಹಾಗೆ. ಅಷ್ಟೇ. ಎಷ್ಟು ಮೃದುವಾಗಿತ್ತೆಂದರೆ ಮೊದಲ ಸಲ ಅವಳಿಗೂ ನಂಬಿಕೆ ಬರಲಿಲ್ಲ. ಚಿತ್ರವನ್ನು ದೊಡ್ಡದು ಮಾಡಿದಳು. ಎರಡು ಬೆರಳಿನ ಉಗುರೂ ರಕ್ತ ಇಲ್ಲದೆ ಬಿಳಿಚಿಕೊಂಡಿದ್ದವು.

ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮೂರು ವರ್ಷ. ಉಪ್ಪು, ಮೆಣಸು, ಬಾಳೆಹಣ್ಣು, ಧ್ಯಾನ. ಹೆದರಿಕೆಯಂತೆ ಹೆದರಿಕೆ! ಬಂದ ದಾರಿಯಲ್ಲೇ ತಿರುಗಿ ಹೋದಳು. ಕಿಟ್ಟಣ್ಣ ತಟ್ಟೆಗಳನ್ನು ಒರೆಸಿ ಜೋಡಿಸುತ್ತಿದ್ದರು.

"ಇದು ಎಂತ ಕಿಟ್ಟಣ್ಣ?" ಅವಳು ಫೋನನ್ನು ಅವರ ಮುಖದ ಮುಂದೆ ಹಿಡಿದಳು.

ಕಿಟ್ಟಣ್ಣ ಕನ್ನಡಕ ಹುಡುಕಿ ಹಾಕಿಕೊಂಡರು. "ಎಂತ? ನಾನಲ್ವಾ ಅದು?"

"ಬೆರಳು ನೋಡಿ."

"ಬೆರಳು ಇರಲೇಬೇಕಲ್ವಾ ಮಾರಾಯ್ತಿ. ಎದೆಗೆ ಬಿದ್ದರೆ ನಿನ್ನ ಅಮ್ಮನಿಗೆ ಯಾರು ಉತ್ತರ ಕೊಡುವುದು? ನಾನು ಎತ್ತಲಿಲ್ಲ. ಹಾಗೇ ಇಟ್ಟದ್ದು."

"ಹಾಗೇ ಇಟ್ಟರೆ ಉಗುರು ಬಿಳಿಯಾಗುವುದುಂಟಾ?"

ಕಿಟ್ಟಣ್ಣ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಸುಳ್ಳು ಹೇಳುವುದು ಅವರಿಗೆ ಅಭ್ಯಾಸವಾಗಿತ್ತು, ಸಿಕ್ಕಿಬೀಳುವುದು ಅಭ್ಯಾಸವಿರಲಿಲ್ಲ.

"ಎಷ್ಟು ಕಿಲೋ?" ಎಂದಳು ಹರ್ಷಿಣಿ. "ಸತ್ಯ ಹೇಳಿ."

"ಐದು. ನೀನು ಸುಸ್ತಾದ ದಿನ ಏಳು ಇರಬಹುದು."

ಐದು, ಏಳು. ಅವಳಿಗೆ ಸ್ಪರ್ಧೆಯಲ್ಲಿ ಕಡಿಮೆ ಬೀಳುತ್ತಿದ್ದದ್ದೂ ಸರಿಯಾಗಿ ಅಷ್ಟೇ.

"ನೋಡು," ಎಂದು ಕಿಟ್ಟಣ್ಣ ಬೆಂಚಿನ ತುದಿಯಲ್ಲಿ ಕೂತರು. "ಬಂದರಿನಲ್ಲಿ ಒಬ್ಬಳು ಮೀನಿನ ಬುಟ್ಟಿ ತಲೆಗೆ ಏರಿಸಲು ಬಗ್ಗಿದರೆ, ನೋಡಿಕೊಂಡು ಸುಮ್ಮನೆ ಹೋಗುವವರಿದ್ದಾರಾ? ಜಗಳ ಮಾಡಿ ಮಾತು ಬಿಟ್ಟವರೂ ಬಂದು ಕೈ ಕೊಟ್ಟು ಹೋಗುತ್ತಾರೆ. ನಿನ್ನ ಅಮ್ಮನಿಗೇ ನಾನು ಎಷ್ಟು ಸಲ ಕೊಟ್ಟಿದ್ದೇನೆ, ಕೇಳು. ಭಾರದ ಕೆಳಗೆ ಒಬ್ಬರು ಒದ್ದಾಡುವಾಗ ನೋಡುತ್ತ ನಿಲ್ಲಲು ನನಗೆ ಬರುವುದಿಲ್ಲ ಮಗಾ. ಕೈ ಕೊಟ್ಟೆ. ನಾನು ಮಾಡಿದ್ದು ಅಷ್ಟೇ."

"ಹೌದು," ಎಂದಳು ಅವಳು. "ಸರಿಯಾಗಿಯೇ ಕೈ ಕೊಟ್ಟಿರಿ."

ಆ ಮಾತಿಗೆ ಇನ್ನೊಂದು ಅರ್ಥ ಇರುವುದು ಕಿಟ್ಟಣ್ಣನ ತಲೆಗೆ ಹೋಗಲು ಕ್ಷಣ ಹಿಡಿಯಿತು. ಹೋದ ಮೇಲೆ ಅವರು ಒರೆಸುವ ಬಟ್ಟೆಯನ್ನು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು. ಹರ್ಷಿಣಿ ತನ್ನ ಬೆಲ್ಟು, ಶೂ ಎತ್ತಿಕೊಂಡು ಹೊರಟಳು. ಮರುದಿನದಿಂದ ಆ ಕಡೆ ತಲೆ ಹಾಕಲಿಲ್ಲ.

ಮಣಿಪಾಲದಲ್ಲಿ ವಿಭಾ ಕೈ ಹಿಂದೆ ಕಟ್ಟಿಕೊಂಡು ನಿಂತಳು. ಮೊದಲ ವಾರವೇ ಸತ್ಯ ಹೊರಬಿತ್ತು: ಹರ್ಷಿಣಿ ಸ್ವಂತ ಬಲದಲ್ಲಿ ಎತ್ತುವುದು ಎಪ್ಪತ್ತೈದು ಕಿಲೋ. ಅದೂ ಹಲ್ಲು ಕಚ್ಚಿ. ಮೂರು ವರ್ಷ ಎಂಬತ್ತರ ಮಾತಾಡಿದ ಬಾಯಿಯಿಂದ ಎಪ್ಪತ್ತೈದು ಎನ್ನುವಾಗ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಬೆಳಗ್ಗೆ ಏಳರ ಬಸ್ಸಿಗೆ ಬಂದು ಕೆಲಸಕ್ಕೆ ಮೊದಲು ಒಂದು ಸಲ, ಊಟದ ಬಿಡುವಿನಲ್ಲಿ ಇನ್ನೊಂದು ಸಲ. ವಿಭಾ "ವಿಶ್ರಾಂತಿಯೂ ತರಬೇತಿಯೇ" ಎಂದು ಹೇಳಿ ಹೇಳಿ ಸಾಕಾಗಿ ಭಾನುವಾರ ಜಿಮ್ಮಿನ ಬೀಗದ ಕೈಯನ್ನೇ ಮನೆಗೆ ಕೊಂಡುಹೋಗತೊಡಗಿದಳು. ಸೆಪ್ಟೆಂಬರಿನಲ್ಲಿ ಎಪ್ಪತ್ತೇಳೂವರೆ ಬಂತು. ಅಕ್ಟೋಬರ್ ಕೊನೆಗೆ ಎಂಬತ್ತು, ಒಂದೇ ಒಂದು ಸಲ. ಎಂಬತ್ತೆರಡೂವರೆ ಬರಲೇ ಇಲ್ಲ. ಅದು ಮೂರು ಸಲ ಒಂದೇ ಜಾಗದಲ್ಲಿ, ಎದೆಯಿಂದ ಒಂದು ಗೇಣು ಮೇಲೆ ನಿಂತು, ಹಿಂದೆ ಬಂತು.

"ಕಿಟ್ಟಣ್ಣ ಸಿಕ್ಕಿದ್ದರು," ಎಂದು ಸರಸ ಒಂದು ದಿನ ಅನ್ನ ಬಡಿಸುತ್ತ ಹೇಳಿದಳು. "ಎಷ್ಟಕ್ಕೆ ಬಂತು ಅಂತ ಕೇಳಿದರು."

"ಅವರಿಗೆ ಎಂತಕ್ಕೆ?"

"ಹಾಗೆ ಹೇಳಬೇಡ. ನಿನಗೆ ಕಲಿಸಿದ್ದು ಅವರೇ ಅಲ್ವಾ."

"ಕಲಿಸಿದ್ದೂ ಅವರೇ, ಕೆಡಿಸಿದ್ದೂ ಅವರೇ," ಎಂದು ಹರ್ಷಿಣಿ ತಟ್ಟೆ ಹಿಡಿದುಕೊಂಡೇ ಎದ್ದು ಜಗಲಿಯಲ್ಲಿ ಓಡಾಡುತ್ತ ಊಟ ಮುಗಿಸಿದಳು. ಸರಸ ಮತ್ತೆ ಆ ಸುದ್ದಿ ಎತ್ತಲಿಲ್ಲ.

ಕಾರ್ಕಳದ ಸಭಾಭವನದಲ್ಲಿ ಆ ಭಾನುವಾರ ಕಾಲಿಡಲು ಜಾಗ ಇರಲಿಲ್ಲ. ವೇದಿಕೆಯ ಮೇಲೆ ಬೆಂಚು, ಅದರ ಸುತ್ತ ಮೂವರು ರೆಫ್ರಿಗಳು, ಬದಿಯ ಮೇಜಿನಲ್ಲಿ ತೀರ್ಪುಗಾರರ ಮುಖ್ಯಸ್ಥ ಹಯಗ್ರೀವ ಮಾಸ್ಟ್ರು. ಶಾಲೆಯಲ್ಲಿ ಪಿ.ಟಿ. ಕಲಿಸಿ ನಿವೃತ್ತರಾದ ಅವರಿಗೆ ಮೈಕ್ ಸಿಕ್ಕಿದರೆ ಬಿಡಲು ಮನಸ್ಸು ಬರುವುದಿಲ್ಲ. ಸ್ಪಾಟರುಗಳನ್ನು ಕಳಿಸುವುದು ಬೇರೆ ಬೇರೆ ಊರಿನ ಸಂಘಗಳ ಪಾಳಿ. ಕೆಂಪು ಟೀಶರ್ಟು ಹಾಕಿಕೊಂಡು ಬೆಂಚಿನ ಹಿಂದೆ ನಿಂತವರನ್ನು ನೋಡಿ ಹರ್ಷಿಣಿಯ ಹೆಜ್ಜೆ ನಿಂತಿತು. ಕಿಟ್ಟಣ್ಣ. ಜಿಲ್ಲೆಯಲ್ಲಿ ಸ್ಪರ್ಧೆ ನಡೆದರೆ ಇಪ್ಪತ್ತು ವರ್ಷದಿಂದ ಅವರು ನಿಲ್ಲುವ ಜಾಗವೇ ಅದು, ಹಿಂದಿನ ಎರಡು ವರ್ಷ ಸ್ಪರ್ಧೆ ಬೇರೆ ಜಿಲ್ಲೆಯಲ್ಲಿ ಇದ್ದದ್ದರಿಂದ ಅವಳು ಮರೆತಿದ್ದಳು.

ಬೇರೆ ಸ್ಪಾಟರ್ ಬೇಕೆಂದು ಕೇಳೋಣವೇ ಎಂದು ಅವಳು ಮೇಜಿನ ತನಕ ಹೋದಳು. ಕೇಳಿದರೆ ಕಾರಣ ಹೇಳಬೇಕಾಗುತ್ತದೆ. ಅಷ್ಟು ಜನರ ಮುಂದೆ ಅದು ಬೇಡ ಅನಿಸಿತು. ವಾಪಸು ಬಂದು ಕಿಟ್ಟಣ್ಣನ ಎದುರು ನಿಂತಳು.

"ಮುಟ್ಟಬೇಡಿ," ಎಂದಳು.

"ಇಲ್ಲ ಮಗಾ."

"ಬಿದ್ದರೂ ಮುಟ್ಟಬೇಡಿ. ರೆಫ್ರಿ ಹೇಳುವ ತನಕ."

"ಇಲ್ಲ ಅಂದೆನಲ್ಲ," ಎಂದರು ಕಿಟ್ಟಣ್ಣ. ಅವರು ಸ್ವಲ್ಪ ಇಳಿದುಹೋಗಿದ್ದರು. ಅವಳು ಅದನ್ನು ನೋಡಿಯೂ ನೋಡದಂತೆ ಹೋದಳು.

ಮೊದಲ ಸಲ ಎಪ್ಪತ್ತೈದು: ಮೂರೂ ಬಿಳಿ. ಎರಡನೇ ಸಲ ಎಂಬತ್ತು: ಮೂರೂ ಬಿಳಿ. ವೇದಿಕೆಯ ಮೇಲೆ ಅವಳು ಎಂಬತ್ತು ಎತ್ತಿದ್ದು ಜನ್ಮದಲ್ಲಿ ಅದೇ ಮೊದಲು. ಕುಕ್ಕುಂದೂರಿನ ಮಾರಾಟ ಬೇಗ ಮುಗಿಸಿ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದ ಸರಸ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಆದರೆ ಹೆಬ್ರಿಯ ಅಕ್ಷಿತಾಳೂ ಎಂಬತ್ತು ಎತ್ತಿದ್ದಳು, ಅವಳ ದೇಹತೂಕ ನಾನೂರು ಗ್ರಾಂ ಕಡಿಮೆ. ಸಮಸಮವಾದರೆ ಹಗುರ ಇದ್ದವಳಿಗೆ ಮೊದಲ ಸ್ಥಾನ. ಕೊನೆಯ ಸುತ್ತಿಗೆ ಇಬ್ಬರೂ ಎಂಬತ್ತೆರಡೂವರೆ ಕೇಳಿದರು. ಅಕ್ಷಿತಾ ಮೊದಲು ಮಲಗಿದಳು, ಎದೆಯಿಂದ ಮೇಲೇಳಿಸಲೇ ಆಗಲಿಲ್ಲ. ಇನ್ನು ಉಳಿದದ್ದು ಹರ್ಷಿಣಿ ಒಬ್ಬಳು. ಎತ್ತಿದರೆ ರಾಷ್ಟ್ರಮಟ್ಟ. ಇಲ್ಲದಿದ್ದರೆ ಮನೆ.

ಅವಳು ಮಲಗಿದಳು. ಕಿಟ್ಟಣ್ಣ ರಾಡನ್ನು ಗೂಟದಿಂದ ಎತ್ತಿ ಅವಳ ಕೈಗೆ ಕೊಟ್ಟರು. ಕೊಟ್ಟ ಕೂಡಲೇ ಸ್ಪಾಟರ್ ಪಕ್ಕಕ್ಕೆ ಸರಿಯಬೇಕೆಂಬುದು ನಿಯಮ, ಹಿಂದೆ ಕೂತ ಮುಖ್ಯ ರೆಫ್ರಿಗೆ ಕಾಣಬೇಕಲ್ಲ. ಕಿಟ್ಟಣ್ಣ ಅರ್ಧ ಹೆಜ್ಜೆ ಸರಿದರು. ಅವರಿಂದ ಅಷ್ಟೇ ಆದದ್ದು. ರಾಡು ಇಳಿಯಿತು, ಎದೆಯ ಮೇಲೆ ನಿಂತಿತು. "ಪ್ರೆಸ್!" ಅವಳು ತಳ್ಳಿದಳು. ಒಂದು ಗೇಣು. ನಿಂತಿತು.

ಸಭೆಯಲ್ಲಿ ಯಾರು ಏನು ಕೂಗಿದರೋ ಅವಳಿಗೆ ಕೇಳಲಿಲ್ಲ. ಕಣ್ಣಿನ ಮೇಲೆ ಕೆಂಪು ಟೀಶರ್ಟು ಬಾಗಿದ್ದು ಕಂಡಿತು, ಎರಡು ಕೈ ಕೆಳಗೆ ಬಂದದ್ದು ಕಂಡಿತು. ಬೇಡ, ಬೇಡ ಎಂದು ಒಳಗೆ ಯಾರೋ ಬೊಬ್ಬೆ ಹಾಕಿದರು. ಆ ಸಿಟ್ಟಿನಲ್ಲೋ, ಹೆದರಿಕೆಯಲ್ಲೋ ಅವಳು ತಳ್ಳಿದಳು. ರಾಡು ನಡುಗುತ್ತ ಮೇಲೆ ಹೋಯಿತು, ತೋಳು ನೆಟ್ಟಗಾಯಿತು. "ರ‍್ಯಾಕ್!" ಮೂರು ಬಿಳಿ ದೀಪ.

ಸಂತೋಷಪಡಲು ಅವಳಿಗೆ ಎದ್ದು ಕೂರುವಷ್ಟು ಸಮಯವೂ ಸಿಗಲಿಲ್ಲ. ಅಕ್ಷಿತಾಳ ತರಬೇತುದಾರ ಆಲ್ಫೋನ್ಸ್ ಆಗಲೇ ಮೇಜಿನ ಎದುರು ನಿಂತಿದ್ದರು. "ಮಾಸ್ಟ್ರೇ, ಕಿಟ್ಟಣ್ಣನ ಕೈ ಹೋಗಿದೆ! ಎಲ್ಲರೂ ನೋಡಿದ್ದಾರೆ." ಮುಖ್ಯ ರೆಫ್ರಿ ತನಗೆ ಕಿಟ್ಟಣ್ಣನ ಬೆನ್ನು ಅಡ್ಡ ಬಂದಿತ್ತು ಎಂದರು. ಬದಿಯವರೊಬ್ಬರು ಕೈ ಹೋದದ್ದು ಹೌದು, ತಾಗಿತೋ ಇಲ್ಲವೋ ಕಾಣಲಿಲ್ಲ ಎಂದರು. ಮುಂದಿನ ಸಾಲಿನವರ ಫೋನಿನಲ್ಲಿ ನೋಡಿದರೆ ರಾಡಿನ ಕೆಳಗೆ ಎರಡು ಕೈ ಕಾಣುತ್ತಿತ್ತು, ನಡುವೆ ಜಾಗ ಇದೆಯೋ ಇಲ್ಲವೋ ದೇವರಿಗೇ ಗೊತ್ತು.

ಹಯಗ್ರೀವ ಮಾಸ್ಟ್ರು ಮೈಕ್ ಹಿಡಿದುಕೊಂಡೇ ವೇದಿಕೆಗೆ ಬಂದರು. "ಕಿಟ್ಟ, ತಾಗಿತಾ?" ಎಂದದ್ದು ಇಡೀ ಸಭಾಭವನಕ್ಕೆ ಕೇಳಿತು.

"ಇಲ್ಲ," ಎಂದರು ಕಿಟ್ಟಣ್ಣ. "ಕೈ ಹೋಯಿತು, ಅದು ಸತ್ಯ. ಆದರೆ ತಾಗುವ ಮೊದಲೇ ನಿಲ್ಲಿಸಿದೆ. ನಾನು ಮುಟ್ಟಲಿಲ್ಲ."

ಸಭೆಯಲ್ಲಿ ನಗು ಎದ್ದಿತು. ಮೊದಲು ಹಿಂದಿನಿಂದ, ಆಮೇಲೆ ಎಲ್ಲ ಕಡೆಯಿಂದ. ಅಲ್ಲಿ ಕೂತವರಲ್ಲಿ ಕಾಲುಭಾಗ ಜನ ಒಂದಲ್ಲ ಒಂದು ಕಾಲದಲ್ಲಿ ಕಿಟ್ಟಣ್ಣನ ಕೈಕೆಳಗೆ ಮಲಗಿ ಎದ್ದವರು. "ಕಿಟ್ಟಣ್ಣ ಮುಟ್ಟಲಿಲ್ಲವಂತೆ!" ಎಂದು ಒಬ್ಬ ಕೂಗಿದ. "ನಾನು ನೂರ ಇಪ್ಪತ್ತು ಎತ್ತಿದ್ದೂ ಹೀಗೇ!" ಎಂದ ಇನ್ನೊಬ್ಬ. ಪ್ರೀತಿಯ ನಗುವೇ, ಆದರೆ ನಗು ನಗುವೇ. ಕಿಟ್ಟಣ್ಣನ ಕಿವಿ ಕೆಂಪಾಯಿತು.

"ಸುಮ್ಮನಿರಿ," ಎಂದು ಗದರಿ ಮಾಸ್ಟ್ರು ಹರ್ಷಿಣಿಯ ಕಡೆ ತಿರುಗಿದರು. "ನೀನು ಹೇಳು. ಎತ್ತಿದವಳಿಗೆ ಗೊತ್ತಾಗುತ್ತದೆ. ತಾಗಲಿಲ್ಲ ಎಂದರೆ ಲಿಫ್ಟ್ ನಿನ್ನದು, ನಾನು ಬರೆದುಬಿಡುತ್ತೇನೆ. ಅನುಮಾನ ಉಂಟು ಎಂದಾದರೆ ಸ್ಪಾಟರಿನ ತಪ್ಪಿಗೆ ನಿನಗೆ ಶಿಕ್ಷೆ ಇಲ್ಲ, ಅದೇ ಭಾರ ಇನ್ನೊಮ್ಮೆ ಎತ್ತಬಹುದು. ಕಿಟ್ಟ ಮುಟ್ಟಿದನಾ, ಇಲ್ಲವಾ?"

ಒಂದು ಮಾತು. 'ಇಲ್ಲ' ಎಂದರೆ ಮುಗಿಯಿತು. ಹರ್ಷಿಣಿ ಕಿಟ್ಟಣ್ಣನನ್ನು ನೋಡಿದಳು. ಅವರು ತಲೆಯನ್ನು ಸ್ವಲ್ಪವೇ ಅಡ್ಡ ಆಡಿಸಿದರು, ಇಲ್ಲ ಎಂದು. ಮೂರು ವರ್ಷವೂ ಅವರು ಹೀಗೆಯೇ ತಲೆ ಆಡಿಸಿದ್ದರು. ಅವಳು ತನ್ನ ತೋಳುಗಳನ್ನು ಕೇಳಿ ನೋಡಿದಳು, ಅವಕ್ಕೂ ಗೊತ್ತಿರಲಿಲ್ಲ. ಮೂರು ವರ್ಷ ಗೊತ್ತಾಗದ್ದು ಇವತ್ತು ಹೇಗೆ ಗೊತ್ತಾಗಬೇಕು?

"ಗೊತ್ತಿಲ್ಲ ಸರ್," ಎಂದಳು.

ಮತ್ತೆ ನಗು. ಈ ಸಲ ಜೋರಾಗಿಯೇ. ಕಿಟ್ಟಣ್ಣ ಯಾರೂ ಹೇಳುವ ಮೊದಲೇ ವೇದಿಕೆಯ ಮೆಟ್ಟಿಲಿಳಿದು ಗೋಡೆಯ ಬದಿಯಿಂದ ಬಾಗಿಲಿನ ಕಡೆ ನಡೆದರು.

ಐದು ನಿಮಿಷ ಕೊಟ್ಟರು. ಐದು ನಿಮಿಷದಲ್ಲಿ ಸತ್ತ ತೋಳಿಗೆ ಜೀವ ಬರುವುದಿಲ್ಲ. ಹರ್ಷಿಣಿ ಪರದೆಯ ಹಿಂದೆ ಗೋಡೆಯಿಂದ ಗೋಡೆಗೆ ನಡೆದಳು, ಕೂತಳು, ಎದ್ದಳು, ಮತ್ತೆ ನಡೆದಳು. ವಿಭಾ ಮಣಿಪಾಲದಿಂದ ಬಂದಿದ್ದಳು, ತೋಳು ಉಜ್ಜಲು ಹೋದರೆ ಹರ್ಷಿಣಿ ನಿಲ್ಲುತ್ತಲೇ ಇರಲಿಲ್ಲ. "ನೀವು ಇಲ್ಲ ಎನ್ನಬಹುದಿತ್ತು," ಎಂದಳು ವಿಭಾ. "ಗೊತ್ತಿಲ್ಲದೆ ಹೇಗೆ ಹೇಳುವುದು?" ಎಂದಳು ಹರ್ಷಿಣಿ. ಹೆಸರು ಕರೆದರು.

ಕಿಟ್ಟಣ್ಣನ ಜಾಗದಲ್ಲಿ ಈಗ ಉದ್ಯಾವರದ ಜೋವಿನ್ ನಿಂತಿದ್ದ. ರಾಡು ಎತ್ತಿ ಕೊಟ್ಟು, ಪಾಠ ಒಪ್ಪಿಸುವವನಂತೆ ಎರಡು ಹೆಜ್ಜೆ ಪಕ್ಕಕ್ಕೆ ಹೋದ. ರಾಡು ಇಳಿಯಿತು. "ಪ್ರೆಸ್!" ಒಂದು ಗೇಣು. ನಿಂತಿತು, ಅದೇ ಜಾಗದಲ್ಲಿ.

ಮೇಲೆ ಈಗ ಯಾರ ಮುಖವೂ ಇರಲಿಲ್ಲ, ಸೂರಿನ ಫ್ಯಾನು ತಿರುಗುತ್ತಿತ್ತು. ಅವಳು ತಳ್ಳಿದಳು, ಭಾರ ತಳ್ಳಿಸಿಕೊಳ್ಳಲಿಲ್ಲ. ಮತ್ತೆ ತಳ್ಳಿದಳು. ಆಗ ಅವಳ ತೋಳುಗಳಿಗೆ ಗೊತ್ತಾಯಿತು. ಕಾಪುವಿನಲ್ಲಿ ಈ ಜಾಗಕ್ಕೆ ಬಂದಾಗ ಭಾರ ಒಮ್ಮೆಲೇ ಹಗುರಾಗುತ್ತಿತ್ತು, ಬಂತು ಬಂತು ಎಂದು ತಾನಾಗಿ ಬರುತ್ತಿತ್ತು. ಐದು ನಿಮಿಷದ ಹಿಂದೆ ಹಗುರಾಗಿರಲಿಲ್ಲ. ಈಗ ಎಷ್ಟು ಭಾರವೋ ಆಗಲೂ ಅಷ್ಟೇ ಭಾರವಿತ್ತು. ಒಂದು ಗುಂಜಿ ಕಡಿಮೆ ಇರಲಿಲ್ಲ.

ಮುಟ್ಟಿರಲಿಲ್ಲ.

ರಾಡು ಹೇಗೆ ಮೇಲೆ ಹೋಯಿತೆಂದು ಆಮೇಲೆ ಅವಳಿಗೆ ನೆನಪಿಲ್ಲ. ಎಡಗೈ ಹಿಂದೆ ಬಿತ್ತು, ಬಲಗೈ ಕಾದಿತು, ಕೊನೆಗೆ ಎರಡೂ ನೆಟ್ಟಗಾದವು. "ರ‍್ಯಾಕ್!" ಎರಡು ಬಿಳಿ, ಒಂದು ಕೆಂಪು. ಎರಡು ಸಾಕು. ಸಭಾಭವನದ ಸೂರು ಹಾರಿಹೋಗುವಂತೆ ಜನ ಕೂಗಿದರು. ಅಕ್ಷಿತಾ ಬಂದು ತಬ್ಬಿಕೊಂಡಳು. ಸರಸ ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಬಂದು ಅಳುತ್ತ ನಗುತ್ತ ಅವಳ ಕೆನ್ನೆ ಹಿಡಿದಳು, ಕೈಯಲ್ಲಿ ಇನ್ನೂ ಮೀನಿನ ವಾಸನೆ.

"ಕಿಟ್ಟಣ್ಣ ಎಲ್ಲಿ?" ಎಂದಳು ಹರ್ಷಿಣಿ.

ಅವರು ಹೊರಗೆ ರಸ್ತೆಯ ಆಚೆ ಬಸ್ಸಿಗೆ ಕಾಯುತ್ತಿದ್ದರು. ಕೆಂಪು ಟೀಶರ್ಟು ಬಿಚ್ಚಿ ತಮ್ಮ ಹಳೆಯ ಅಂಗಿ ಹಾಕಿಕೊಂಡಿದ್ದರು. ಅವಳು ಸ್ಪರ್ಧೆಯ ಉಡುಪಿನಲ್ಲೇ, ಕೈಯೆಲ್ಲ ಚಾಕ್‌ಪುಡಿಯಲ್ಲೇ ಓಡಿ ಬಂದದ್ದು ನೋಡಿ ಅವರ ಮುಖ ಅರಳಿತು.

"ಬಂತಾ?"

"ಬಂತು."

"ಒಳ್ಳೆಯದಾಯಿತು. ಕೂಗು ಕೇಳಿದಾಗಲೇ ಅಂದುಕೊಂಡೆ."

"ಮೊದಲಿನದ್ದೂ ನಾನೇ ಎತ್ತಿದ್ದು," ಎಂದಳು ಹರ್ಷಿಣಿ, ಉಸಿರು ಸಿಗದೆ. "ನೀವು ಮುಟ್ಟಿರಲಿಲ್ಲ. ಈಗ ಗೊತ್ತಾಯಿತು ಕಿಟ್ಟಣ್ಣ. ನೀವು ಹೇಳಿದ್ದು ಸತ್ಯ."

ಬೆಳ್ಮಣ್ಣಿನ ಮಾರ್ಗವಾಗಿ ಪಡುಬಿದ್ರಿಗೆ ಹೋಗುವ ಬಸ್ಸು ತಿರುವಿನಲ್ಲಿ ಕಾಣಿಸಿತು. ಕಿಟ್ಟಣ್ಣ ಕೈ ಎತ್ತಿ ಅದನ್ನು ನಿಲ್ಲಿಸಿದರು.

"ಅದನ್ನು ಅಲ್ಲಿ ಹೇಳಬೇಕಿತ್ತು ಮಗಾ," ಎಂದರು.

ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. "ಬನ್ನಿ ಕಿಟ್ಟಣ್ಣ, ಒಳಗೆ ಬನ್ನಿ," ಎಂದು ಅವಳು ಅವರ ಚೀಲ ಹಿಡಿದಳು. ಅವರು ಮೆಲ್ಲನೆ ಬಿಡಿಸಿಕೊಂಡರು. "ನೀನು ಹೋಗು. ನಿನ್ನ ಹೆಸರು ಕರೆಯುತ್ತಿದ್ದಾರೆ," ಎಂದು ಬಸ್ಸು ಹತ್ತಿದರು.

ನಿಜವಾಗಿಯೂ ಕರೆಯುತ್ತಿದ್ದರು. ಎರಡನೇ ಸಲವೋ, ಮೂರನೇ ಸಲವೋ. ಅವಳು ವೇದಿಕೆ ಹತ್ತಿದಾಗ ಹಯಗ್ರೀವ ಮಾಸ್ಟ್ರು ಪದಕ ಹಿಡಿದು ನಿಂತಿದ್ದರು, ಫೋಟೋದವನು ಬೆರಳು ತೋರಿಸಿ ಇತ್ತ ನೋಡಿ ಎನ್ನುತ್ತಿದ್ದ. ಪದಕ ಕುತ್ತಿಗೆಗೆ ಬಿತ್ತು.

"ಸರ್, ಕಿಟ್ಟಣ್ಣ ಮೊದಲ ಸಲ ಮುಟ್ಟಿರಲಿಲ್ಲ," ಎಂದಳು ಹರ್ಷಿಣಿ.

"ಅದು ಮುಗಿಯಿತಲ್ಲ ಮಾರಾಯ್ತಿ. ಗೆದ್ದಾಯಿತು. ಈಗ ಅದರಿಂದ ಎಂತ ಪ್ರಯೋಜನ? ಸ್ವಲ್ಪ ನಗು, ಫೋಟೋ ತೆಗೆಯಲಿ."

ಅವಳು ನಗಲಿಲ್ಲ. "ಆ ಮೈಕ್ ಒಮ್ಮೆ ಕೊಡಿ ಸರ್," ಎಂದು ಕೈ ಚಾಚಿದಳು.

ಮಾಸ್ಟ್ರು ಅವಳ ಮುಖ ನೋಡಿ, ಬಹಳ ಅಪರೂಪಕ್ಕೆ ಮೈಕ್ ಬಿಟ್ಟುಕೊಟ್ಟರು. ಬಸ್ಸು ಇಷ್ಟರಲ್ಲಿ ಊರು ದಾಟಿರಬೇಕು, ಕಿಟ್ಟಣ್ಣನಿಗೆ ಇದು ಕೇಳುವುದಿಲ್ಲ. ಆದರೆ ನಕ್ಕವರೆಲ್ಲ ಇನ್ನೂ ಅಲ್ಲೇ ಕೂತಿದ್ದರು.